ನಮ್ಮ ಮನೆಯ ಡಿಸ್ಕಿನ ಚಕ್ಕುಬಂದಿ

ಜೂನ್ 1ರಿಂದ ಜುಲೈ 31ರ ತನಕ ಮಲ್ಪೆಯ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲ ಮುಗಿಯುವ ತನಕ ಯಾರೂ ಮನೆಯ ಕಂಪ್ಯೂಟರಿನ ಹೊಟ್ಟೆಗೆ ಕೈ ಹಾಕತಕ್ಕದ್ದಲ್ಲ ಎಂದೂ ಒಂದು ಆದೇಶ ಇದ್ದಿದ್ದರೆ, 2025ರ ಜುಲೈಯ ಆ ಶನಿವಾರ ಪರ್ಕಳದ ನಮ್ಮ ಮನೆಯಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಮನೆಯಲ್ಲಿರುವುದು ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್. ನಾದಿನಿಯ ಮಗ ನಮ್ಮಲ್ಲಿದ್ದು ಇಂಜಿನಿಯರಿಂಗ್ ಓದಿ, ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಬಿಟ್ಟುಹೋದದ್ದು. ಅದಕ್ಕೆ ವಿಂಡೋಸ್ ಜೊತೆಗೆ ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆ ಹಾಕಿದವನೂ ಅವನೇ. "ವೈರಸ್ಸಿನ ಕಾಟ ಕಡಿಮೆ, ದುಡ್ಡು ಕೊಡಬೇಕಾಗಿಲ್ಲ" ಎಂದು ಎರಡು ಕಾರಣ ಕೊಟ್ಟಿದ್ದ. ನಮ್ಮ ಮನೆಗೆ ಎರಡನೆಯದೊಂದೇ ಸಾಕಿತ್ತು. ಅಂದಿನಿಂದ ನನ್ನ ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಅತ್ತೆಯವರ ಭಜನಾ ಮಂಡಳಿಯ ಲೆಕ್ಕ ಎಲ್ಲವೂ ಅದರೊಳಗೇ. ಗಂಡ ಅದನ್ನು ಮುಟ್ಟುವುದು ರೈಲಿನ ಟಿಕೆಟ್ ಮುದ್ರಿಸಲು ಮಾತ್ರ. ಈ ಕಥೆಯಲ್ಲಿ ಅವರಿಗೆ ಬೇರೆ ಕೆಲಸವಿಲ್ಲ.

ಉಬುಂಟು ಎಂಬ ಈ ಲಿನಕ್ಸಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ, ಸರಿಸಂಖ್ಯೆಯ ವರ್ಷದ ಏಪ್ರಿಲಿನಲ್ಲಿ ಬರುತ್ತದೆ. ಬೇರೆ ಊರಿನವರು ಇದನ್ನು ಬರೆದಿಟ್ಟುಕೊಳ್ಳಬೇಕು; ಉಡುಪಿಯವರಿಗೆ ಆ ಕಷ್ಟವಿಲ್ಲ. ಸರಿಸಂಖ್ಯೆಯ ವರ್ಷದ ಜನವರಿ 18ಕ್ಕೆ ಕೃಷ್ಣನ ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಮುಂದಿನದಕ್ಕೆ ದಾಟುವ ಪರ್ಯಾಯ, ಅದಾಗಿ ಮೂರು ತಿಂಗಳಿಗೆ ಉಬುಂಟು. 2020ರಲ್ಲಿ ಅದಮಾರು ಮಠದ ಪರ್ಯಾಯ, ಆವೃತ್ತಿ 20.04. 2022ರಲ್ಲಿ ಕೃಷ್ಣಾಪುರ, 22.04. 2024ರಲ್ಲಿ ಪುತ್ತಿಗೆ, 24.04. ನಮ್ಮ ಕಂಪ್ಯೂಟರ್ ಇನ್ನೂ ಅದಮಾರು ಪರ್ಯಾಯದಲ್ಲೇ ಕುಳಿತಿತ್ತು. ಅದಕ್ಕೆ ಭದ್ರತಾ ಪರಿಷ್ಕರಣೆ ಸಿಗುವ ಐದು ವರ್ಷದ ಅವಧಿ 2025ರ ಮೇ ತಿಂಗಳಿಗೆ ಮುಗಿದಿತ್ತು. ಅಲ್ಲಿಂದ ನೇರವಾಗಿ 24.04ಕ್ಕೆ ಹಾರಲು ಅದು ಬಿಡುವುದಿಲ್ಲ, ನಡುವಿನ 22.04 ಹತ್ತಿಯೇ ಹೋಗಬೇಕು. ಅದೂ ನ್ಯಾಯವೇ. ಅಕ್ಷಯಪಾತ್ರೆ, ಸಟ್ಟುಗಗಳು ಸರದಿ ತಪ್ಪಿ ಮಠ ಹಾರಿ ಹೋಗುತ್ತವೆಯೇ?

ಆದರೆ ಪರ್ಯಾಯಕ್ಕೆ ಒಂದು ವರ್ಷದಿಂದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ಸಿದ್ಧತೆ ನಡೆಯುತ್ತದೆ. ನಾನು ಮಾಡಿಕೊಂಡ ಸಿದ್ಧತೆ ಒಂದು ಲೋಟ ಚಹಾ.

ಹೊಸ ಆವೃತ್ತಿ ಹಾಕಲು ಹೊರಟೆ. ಚಹಾ ಆರುವ ಮೊದಲೇ ಉತ್ತರ ಬಂತು: ಜಾಗವಿಲ್ಲ. ಬೇಡದ ಕಡತ ಅಳಿಸಿದೆ, ಲಿನಕ್ಸಿನ ತಿರುಳಾದ ಕರ್ನಲ್‌ನ ಹಳೆಯ ಪ್ರತಿಗಳನ್ನು ಗುಡಿಸಿ ಹೊರಗೆ ಹಾಕಿದೆ. ಆದರೂ ಜಾಗವಿಲ್ಲ. ಡಿಸ್ಕನ್ನು ಪಾಲು ಮಾಡುವ ಜಿಪಾರ್ಟೆಡ್ ಎಂಬ ತಂತ್ರಾಂಶ ತೆರೆದು ನೋಡಿದರೆ ಉದ್ದಕ್ಕೆ ಬಣ್ಣಬಣ್ಣದ ಪಟ್ಟಿಗಳಾಗಿ ಡಿಸ್ಕಿನ ಚಿತ್ರ ಮೂಡಿತು. ಹಿಂದಿನಿಂದ ಕೆಮ್ಮಿದ ಸದ್ದು ಕೇಳಿಸಿತು.

"ಇದು ಯಾರ ಜಾಗದ ನಕ್ಷೆ?" ಮಾವ ಕೇಳಿದರು.

ಮಾವ ಸರ್ವೆಯರ್ ಆಗಿ ನಿವೃತ್ತರಾದವರು. ವಯಸ್ಸು 82. ನಕ್ಷೆ ಎಂದು ಯಾವುದು ಕಂಡರೂ ಕನ್ನಡಕ ಒರೆಸಿಕೊಳ್ಳುತ್ತಾರೆ. ಕುರ್ಚಿ ಎಳೆದು ಕುಳಿತರು. ಡಿಸ್ಕಿನ ಮೇಲಿನ ಚೀಟಿಯಲ್ಲಿ 500 ಜಿಬಿ, ಪರದೆಯ ಮೇಲೆ ಮಾತ್ರ 465 ಎಂದು ತಿಳಿದಾಗ ಅವರ ಹುಬ್ಬು ಮೇಲೇರಿತು. "ಉಳಿದ 35 ಹೆದ್ದಾರಿ ಅಗಲ ಮಾಡುವಾಗ ಹೋಯಿತೋ?"

ಮಾರುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಅಳೆಯುತ್ತದೆ ಎಂದು ವಿವರಿಸಿದೆ. ಹತ್ತನೆಯ ತರಗತಿಯವರಿಗೆ ಇದನ್ನು ಹೇಳಿದರೆ ಅರ್ಧ ಗಂಟೆ ಬೇಕು. ಮಾವನಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. "ಘಟ್ಟದ ಮೇಲೆ ಎಕರೆಗೆ 40 ಗುಂಟೆ, ನಮ್ಮಲ್ಲಿ ಎಕರೆಗೆ 100 ಸೆಂಟ್ಸ್. ಜಾಗ ಅದೇ, ಅಳತೆಕೋಲು ಬೇರೆ. ಮುಂದೆ ಹೇಳು."

ಮುಂದೆ ಹೇಳಿದೆ. ಈ ಹಳೆಯ ಪದ್ಧತಿಯ ಡಿಸ್ಕಿನಲ್ಲಿ ಪಾಲಿನ ದಾಖಲೆಗೆ ಇರುವುದೇ ತಲಾ 16 ಬೈಟಿನ ನಾಲ್ಕು ಸಾಲು. ಹಾಗಾಗಿ ನೇರ ಪಾಲು ನಾಲ್ಕೇ. ಅದಕ್ಕಿಂತ ಹೆಚ್ಚು ಬೇಕಿದ್ದರೆ ನಾಲ್ಕರಲ್ಲಿ ಒಂದನ್ನು ಕೂಡುಮನೆಯ ಹಾಗೆ ಇಟ್ಟುಕೊಂಡು ಅದರೊಳಗೆ ಕೋಣೆ ಮಾಡಿಕೊಳ್ಳಬೇಕು. ಆ ಕೋಣೆಗಳ ಸಂಖ್ಯೆ ಐದರಿಂದ ಶುರು. ನಮ್ಮಲ್ಲಿ ಐದನೆಯದರಲ್ಲಿ ಹುಡುಗ ಎಂದೋ ಪ್ರಯೋಗಕ್ಕೆಂದು ಹಾಕಿ ಮರೆತ ಇನ್ನೊಂದು ಲಿನಕ್ಸ್, 15 ಜಿಬಿ. ಆರನೆಯದರಲ್ಲಿ ನನ್ನ ಉಬುಂಟು, 25 ಜಿಬಿ. ಏಳು ಸ್ವಾಪ್, ಅಂದರೆ ಮೆಮೊರಿ ಸಾಲದಾಗ ಕಂಪ್ಯೂಟರ್ ಬಳಸುವ ಜಾಗ. ಎಂಟು ನನ್ನ ಕಡತಗಳಿರುವ ಹೋಮ್.

"ಈ ಎರಡನೆಯ ದೊಡ್ಡ ಪಾಲು ಯಾರದು? 200 ಉಂಟಲ್ಲ?"

"ಅದು ವಿಂಡೋಸ್. ಮೂರು ವರ್ಷದಿಂದ ತೆರೆದಿಲ್ಲ ಮಾವ. ಆದರೂ ಇರಲಿ ಎಂದು ಬಿಟ್ಟದ್ದು."

"ಬೊಂಬಾಯಿಯವರ ಪಾಲು!" ಮಾವ ತೊಡೆ ತಟ್ಟಿದರು. ಪ್ರತಿ ಕುಟುಂಬದಲ್ಲೂ ಒಂದಿರುತ್ತದೆ. ಅವರು ಬರುವುದಿಲ್ಲ, ಕಳೆ ಕೀಳಿಸುವುದಿಲ್ಲ, ಮಾರುವುದೂ ಇಲ್ಲ. ಒಂದು ಅಡಿ ಒತ್ತರಿಸಿಕೊಂಡು ನೋಡಿ, ಮರುದಿನವೇ ಫೋನ್ ಬರುತ್ತದೆ. ಅದನ್ನು ಮುಟ್ಟುವುದು ಬೇಡ ಎಂದು ನಾವಿಬ್ಬರೂ ಕೂಡಲೇ ಒಪ್ಪಿದೆವು. ಬಲಿಯಾಗಬೇಕಾದದ್ದು ಐದನೆಯ ಪಾಲಿನ ಅನಾಥ ಲಿನಕ್ಸ್.

"ಮೊದಲು ನಕಲು, ಆಮೇಲೆ ಗಡಿ" ಎಂದು ಮಾವ ಪಟ್ಟು ಹಿಡಿದರು. 1997ರಲ್ಲಿ ದಕ್ಷಿಣ ಕನ್ನಡವನ್ನು ಪಾಲು ಮಾಡಿ ಉಡುಪಿ ಜಿಲ್ಲೆ ಮಾಡಿದಾಗಿನ ಕಡತಗಳ ಕಥೆಯನ್ನು ನಾನು ಈ ಮನೆಗೆ ಬಂದಂದಿನಿಂದ ಕೇಳಿದ್ದೇನೆ. ಇನ್ನೊಮ್ಮೆ ಕೇಳುವುದಕ್ಕಿಂತ ಹೋಮ್ ಪೂರ್ತಿಯನ್ನು ಹೊರಗಿನ ಡಿಸ್ಕಿಗೆ ನಕಲು ಮಾಡುವುದೇ ಸುಲಭವೆನಿಸಿತು. ಮಾಡಿದೆ. ಒಳಗೆ ಒಕ್ಕಲಿರುವಾಗ ಮನೆಯ ಪಂಚಾಂಗ ಕೀಳುವಂತಿಲ್ಲವಾದ್ದರಿಂದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡಿ ಐದನೆಯ ಪಾಲನ್ನು ಅಳಿಸಿದೆ. ಅಲ್ಲಿ ಬೂದು ಬಣ್ಣದ ಖಾಲಿ ಜಾಗ ಕಾಣಿಸಿತು.

"ಕುಮ್ಕಿ" ಎಂದರು ಮಾವ.

ಘಟ್ಟದ ಮೇಲಿನವರಿಗಾಗಿ ಒಂದು ಮಾತು: ನಮ್ಮಲ್ಲಿ ವರ್ಗ ಜಮೀನಿನ, ಅಂದರೆ ಕಂದಾಯ ಕಟ್ಟುವ ಸ್ವಂತ ಜಮೀನಿನ, ಸುತ್ತ ನೂರು ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ ತರುವ ಹಕ್ಕು ವರ್ಗದಾರನಿಗೆ ಉಂಟು. ಅದು ಕುಮ್ಕಿ. ಬಳಸಬಹುದು, ನನ್ನದೆನ್ನುವ ಹಾಗಿಲ್ಲ.

"ಇದನ್ನು ನನ್ನ ಪಾಲಿಗೆ ಸೇರಿಸಿಕೊಳ್ಳುತ್ತೇನೆ" ಎಂದೆ.

"ಅರ್ಜಿ?"

"ಬೇಡ ಮಾವ. ಒಂದು ಗುಂಡಿ ಒತ್ತಿದರೆ ಆಯಿತು."

ಮಾವ ಬಹಳ ಹೊತ್ತು ಮಾತಾಡಲಿಲ್ಲ. ಇಡೀ ಸೇವಾವಧಿ ಅವರ ಕಣ್ಣ ಮುಂದೆ ಹಾದುಹೋಗಿರಬೇಕು.

ಗುಂಡಿ ಒತ್ತಿದೆ. ಪಾಲಿನ ಆರಂಭವನ್ನೇ ಸರಿಸಿದರೆ ಕಂಪ್ಯೂಟರ್ ಮತ್ತೆ ಏಳದೇ ಇರಬಹುದು ಎಂಬ ಎಚ್ಚರಿಕೆ ಬಂತು. ಮೊಬೈಲಿನಲ್ಲಿ ಬರುವ ನಿಯಮ-ನಿಬಂಧನೆಗಳನ್ನು ಎಷ್ಟು ಶ್ರದ್ಧೆಯಿಂದ ಓದುತ್ತೇನೋ ಇದನ್ನೂ ಅಷ್ಟೇ ಶ್ರದ್ಧೆಯಿಂದ ಓದಿ ಒಪ್ಪಿಕೊಂಡೆ. ಇಡೀ 25 ಜಿಬಿಯನ್ನು ತುಣುಕು ತುಣುಕಾಗಿ ಎಡಕ್ಕೆ ಹೊತ್ತು ಹಾಕುವ ಕೆಲಸ ಶುರುವಾಯಿತು. ಹೊರಗೆ ಮಳೆ ಜೋರಾಯಿತು. ಅರ್ಧ ಮುಗಿದಿತ್ತು, ಕರೆಂಟು ಹೋಯಿತು.

ಯುಪಿಎಸ್ ಕೂಗತೊಡಗಿತು. ಅದರ ಬ್ಯಾಟರಿ ಹಳೆಯದು. ಹತ್ತು ನಿಮಿಷ ಎಳೆದರೆ ಹೆಚ್ಚು. ಪರದೆ ಇನ್ನು 18 ನಿಮಿಷ ಎನ್ನುತ್ತಿತ್ತು. ಹತ್ತರಲ್ಲಿ ಹದಿನೆಂಟು ಕಳೆಯುವ ಲೆಕ್ಕ ಹೇಗೆಂದು ನಾನು ವರ್ಷವಿಡೀ ಮಕ್ಕಳಿಗೆ ಕಲಿಸುತ್ತೇನೆ; ಆ ಋಣ ಚಿಹ್ನೆ ಹೊಟ್ಟೆಯೊಳಗೆ ಹೇಗಿರುತ್ತದೆ ಎಂದು ಅಂದೇ ಗೊತ್ತಾದದ್ದು. ಅರ್ಧ ದಾರಿಯಲ್ಲಿ ನಿಂತರೆ ಆ ಪಾಲು ಹಳೆಯ ಜಾಗದಲ್ಲೂ ಇಲ್ಲ, ಹೊಸ ಜಾಗದಲ್ಲೂ ಇಲ್ಲ.

"ಟಿವಿ ಆರಿಸು" ಎಂದರು ಮಾವ. ಅವರಿಗೆ ಮಾನಿಟರ್ ಕೂಡ ಟಿವಿಯೇ. ಒಳ್ಳೆಯ ಮಾತು, ಅದರ ಭಾರ ಕಡಿಮೆಯಾದರೆ ಬ್ಯಾಟರಿಗೆ ಎರಡು ಮೂರು ನಿಮಿಷ ಹೆಚ್ಚು ಆಯುಸ್ಸು. ಆರಿಸಿದೆ. ಕತ್ತಲೆಯಲ್ಲಿ ಮಾವ ಮತ್ತು ಸೊಸೆ ಎದುರುಬದುರು ಕುಳಿತು ಡಿಸ್ಕಿನ ಕಿರಿಕಿರಿ ಸದ್ದಿಗೆ ಕಿವಿಗೊಟ್ಟೆವು. ಬಾಣಂತಿಕೋಣೆಯ ಹೊರಗೆ ಕುಳಿತವರು ಹೀಗೆಯೇ ಕುಳಿತಿರುತ್ತಾರೆ.

ಆಗ ಅತ್ತೆ ಬಂದರು. "ದೇವರ ಕೋಣೆಯಲ್ಲಿ ಲೈಟು ಉಂಟಲ್ಲ, ಇಲ್ಲಿ ಯಾಕೆ ಕತ್ತಲೆ?"

ಇನ್ವರ್ಟರ್! ಮನೆಗೆ ಇನ್ವರ್ಟರ್ ಹಾಕಿಸಿದಾಗ ಯಾವ ಕೋಣೆಗೆ ಅದರ ವಯರು ಎಂದು ಚರ್ಚೆಯಾಗಿತ್ತು. ಚಾವಡಿಯ ಫ್ಯಾನಿಗೆ, ಅಡುಗೆಮನೆಗೆ, ದೇವರ ಕೋಣೆಗೆ ಎಂದು ತೀರ್ಮಾನವಾಗಿತ್ತು. ಕಂಪ್ಯೂಟರ್ ಕೋಣೆಯ ಪರ ವಾದಿಸಿದವಳು ನಾನೊಬ್ಬಳೇ, ಸೋತಿದ್ದೆ. ತೆಂಗಿನಕಾಯಿ ಸುಲಿಯುವ ಯಂತ್ರಕ್ಕೆಂದು ತಂದಿದ್ದ ಉದ್ದದ ಎಕ್ಸ್‌ಟೆನ್ಷನ್ ವಯರನ್ನು ಮೊಬೈಲ್ ಬೆಳಕಿನಲ್ಲಿ ಹುಡುಕಿದೆವು. ಅತ್ತೆ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸದೆ ದೇವರ ಕೋಣೆಯೊಳಗೆ ಬಿಡಲಾರೆ ಎಂದರು. ಮಾವ ಒದ್ದೆ ಬಟ್ಟೆ ಬೇಡವೆಂದರು. ಒಣ ಬಟ್ಟೆಗೆ ರಾಜಿಯಾಯಿತು. ಈ ರಾಜಿಗೆ ಹೋದದ್ದು ಒಂದೂವರೆ ನಿಮಿಷ. ಯುಪಿಎಸ್ಸಿನ ಪ್ಲಗ್ಗು ಕಿತ್ತು ಆ ವಯರಿಗೆ ಚುಚ್ಚಿದಾಗ ಕೂಗು ನಿಂತಿತು. ದೇವರ ದಯೆಯಿಂದ ಎಂಬ ಮಾತನ್ನು ಅಂದಿನ ಮಟ್ಟಿಗೆ ನಾನು ವಯರಿನ ಅರ್ಥದಲ್ಲಿಯೇ ಹೇಳುತ್ತೇನೆ.

ಕೆಲಸ ಮುಗಿಯಿತು. ಪೆನ್‌ಡ್ರೈವ್ ಕಿತ್ತು ಜಂಬದಿಂದ ಮರುಚಾಲನೆ ಮಾಡಿದೆ. ಕಪ್ಪು ಪರದೆ. 'ಅನ್‌ನೋನ್ ಫೈಲ್‌ಸಿಸ್ಟಮ್' ಎಂದೊಂದು ಸಾಲು, ಅದರ ಕೆಳಗೆ 'ಗ್ರಬ್ ರೆಸ್ಕ್ಯೂ', ಮಿನುಗುವ ಒಂದು ಗೆರೆ.

"ಗ್ರಬ್ ಎಂದರೆ ಅಡಿಕೆ ಮರಕ್ಕೆ ಬರುವ ಬೇರುಹುಳವಲ್ಲವೋ?" ಮಾವ ಕೇಳಿದರು. "ಮಳೆಗಾಲದಲ್ಲಿಯೇ ಅದರ ಉಪದ್ರ."

ಅದು ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶದ ಹೆಸರು ಎಂದೆ. ಆದರೆ ಲಿನಕ್ಸಿನಲ್ಲಿ ಮುಖ್ಯ ಪಾಲಿನ ಹೆಸರು ರೂಟ್, ಅಂದರೆ ಬೇರು. ಹುಳ ತಿಂದದ್ದು ಬೇರನ್ನೇ. ವಾದ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಬೆಂಗಳೂರಿಗೆ ಫೋನ್ ಮಾಡಬಹುದಿತ್ತು. ಹುಡುಗ ಎರಡು ನಿಮಿಷದಲ್ಲಿ ಸರಿ ಮಾಡಿಸಿ, ಮುಂದಿನ ಎರಡು ವರ್ಷ ಎಲ್ಲ ಮದುವೆ ಮುಂಜಿಗಳಲ್ಲಿ ಆ ಕಥೆ ಹೇಳುತ್ತಿದ್ದ. ಮಾಡಲಿಲ್ಲ. ಅಷ್ಟರಲ್ಲಿ ಮಾವನ ವಿಚಾರಣೆ ಶುರುವಾಯಿತು.

"ಕೂಡುಮನೆಯೊಳಗೆ ಎಷ್ಟು ಕೋಣೆ ಇತ್ತು?"

"ನಾಲ್ಕು. ಐದರಿಂದ ಎಂಟು."

"ತೆಗೆದದ್ದು?"

"ಐದು."

"ಈಗ ಐದು ಖಾಲಿ ಉಂಟೋ, ಆರನೆಯದು ಬಂದು ಐದು ಆಯಿತೋ?"

ನನಗೆ ಮಾತು ಹೊರಡಲಿಲ್ಲ. ಆ ಕಪ್ಪು ಪರದೆಯಲ್ಲೇ ಪಾಲುಗಳ ಪಟ್ಟಿ ಕೇಳಿದೆ. ಏಳು, ಆರು, ಐದು ಎಂದು ಬಂತು. ಎಂಟು ಇರಲೇ ಇಲ್ಲ. ಒಂದು ಮನೆ ಕೆಡವಿದ ಕೂಡಲೇ ಉಳಿದವರ ಸಂಖ್ಯೆಯೆಲ್ಲ ಒಂದೊಂದು ಮುಂದೆ ಬಂದಿತ್ತು. ಗ್ರಬ್ ಮಾತ್ರ ಹಳೆಯ ಅಂಚೆಯವನ ಹಾಗೆ ಆರನೆಯ ಮನೆಯ ಬಾಗಿಲನ್ನೇ ತಟ್ಟುತ್ತಿತ್ತು. ಅಲ್ಲಿ ಈಗ ಇದ್ದದ್ದು ಸ್ವಾಪ್. ಅದಕ್ಕೆ ಕಾಗದ ಪತ್ರ ಓದಲು ಬರುವುದಿಲ್ಲ. ಐದನೆಯದನ್ನು ನೋಡು ಎಂದು ನಾಲ್ಕು ಸಾಲು ಬರೆದೆ. ಉಬುಂಟುವಿನ ಗುರುತು ಮೂಡಿತು. ಅತ್ತೆ ಕೈ ಮುಗಿದರು.

ಮುಗಿದ ಕೈ ಇಳಿಸುವ ಮೊದಲೇ ಮತ್ತೆ ನಿಂತಿತು. ಒಂದೂವರೆ ನಿಮಿಷ ಯಾರಿಗೋ ಕಾದು, ಯಾರೂ ಬರಲಿಲ್ಲವೆಂದು ತುರ್ತುಸ್ಥಿತಿ ಘೋಷಿಸಿತು. ಈ ಬಾರಿ ಕಾರಣ ನನಗೇ ಹೊಳೆಯಿತು. ಯಾವ ಪಾಲು ಎಲ್ಲಿ ಕೂರಬೇಕು ಎಂಬ ಪಟ್ಟಿಯಲ್ಲಿ ಹುಡುಗ ಹೋಮ್ ಎದುರು 'ಎಂಟು' ಎಂದು ಕೈಯಾರೆ ಬರೆದಿಟ್ಟಿದ್ದ. ಹೀಗೆ ಸಂಖ್ಯೆ ಬರೆಯುವ ಬದಲು ಪ್ರತಿ ಪಾಲಿಗೂ ಇರುವ ಯುಯುಐಡಿ ಎಂಬ ಉದ್ದನೆಯ ಗುರುತು ಬರೆಯಬಹುದು. ಪಾಲನ್ನು ಎಳೆಯಿರಿ, ಸರಿಸಿರಿ, ಅದು ಬದಲಾಗುವುದಿಲ್ಲ.

"ಅದನ್ನೇ ಮೊದಲು ಬರೆಯಬೇಕಿತ್ತು" ಮಾವ ಎಂದರು. "ಮನೆ ನಂಬರು ನಂಬಿ ಯಾರಾದರೂ ಜಾಗ ಅಳೆಯುತ್ತಾರೋ? ಗಡಿಕಲ್ಲು ಹುಡುಕಬೇಕು." ಮೂವತ್ತಾರು ಅಕ್ಷರದ ಆ ಗಡಿಕಲ್ಲನ್ನು ಅವರು ಒಂದೊಂದಾಗಿ ಓದಿ ಹೇಳಿದರು, ನಾನು ಒತ್ತಿದೆ. ಊಟಕ್ಕೆ ಕುಳಿತಾಗ ಹತ್ತೂಮುಕ್ಕಾಲು. ಸಾರು ಮೂರು ಬಾರಿ ಬಿಸಿಯಾಗಿತ್ತು.

ಇಷ್ಟೆಲ್ಲ ಆದ ಮೇಲೆ ಭಾನುವಾರದ ಮೇಲ್ದರ್ಜೆ ಸಪ್ಪೆ. ಬೆಳಿಗ್ಗೆ 22.04, ಮಧ್ಯಾಹ್ನದಿಂದ 24.04. ನಡುನಡುವೆ ಅದು ಹಳೆಯ ಸಿದ್ಧತೆಯ ಕಡತ ಇಟ್ಟುಕೊಳ್ಳಲೋ, ಹೊಸತು ಹಾಕಲೋ ಎಂದು ಕೇಳುತ್ತಿತ್ತು. ಅಲ್ಲೇ ಬತ್ತಿ ಹೊಸೆಯುತ್ತಿದ್ದ ಅತ್ತೆ ಪ್ರತಿಸಲವೂ "ಹಳೆಯದೇ ಇರಲಿ" ಎಂದರು. ನಾನು ಹಾಗೆಯೇ ಒತ್ತಿದೆ. ಆ ತಂತ್ರಾಂಶದ ಸಲಹೆಯೂ ಅದೇ ಆಗಿತ್ತೆಂದು ಅವರಿಗೆ ಹೇಳಲಿಲ್ಲ. ಫೈರ್‌ಫಾಕ್ಸ್ ಹೊಸ ಪೊಟ್ಟಣದಲ್ಲಿ ಬಂದು ಮೊದಲ ಸಲ ತೆರೆಯಲು ಮೈಮುರಿಯಿತು. ಕನ್ನಡದ ಕೀಲಿಮಣೆಯನ್ನು ಮತ್ತೆ ಆರಿಸಬೇಕಾಯಿತು. ರಾತ್ರಿ ಪ್ರಶ್ನೆಪತ್ರಿಕೆ ಮುದ್ರಣವಾಯಿತು.

ಸೋಮವಾರ ಶಾಲೆಯಿಂದ ಬಂದಾಗ ಮಾವ ಕಂಪ್ಯೂಟರಿನ ಮುಂದೆ ಛಾಪಾಕಾಗದದ ಅಳತೆಯ ಹಾಳೆ ಹಿಡಿದು ಕುಳಿತಿದ್ದರು. ಮುದ್ದಾದ ಅಕ್ಷರದಲ್ಲಿ ಡಿಸ್ಕಿನ ಪಾಲುಪಟ್ಟಿ ತಯಾರಾಗಿತ್ತು. ವಿಸ್ತೀರ್ಣ 40 ಜಿಬಿ, ಕುಮ್ಕಿ ಸಹಿತ. ಚಕ್ಕುಬಂದಿ: ಪಶ್ಚಿಮಕ್ಕೆ ಬೊಂಬಾಯಿಯವರ ವಿಂಡೋಸ್ ಮತ್ತು ಅವರದೇ ಹಳೆಯ ದತ್ತಾಂಶ, ಪೂರ್ವಕ್ಕೆ ಸ್ವಾಪ್, ಅದರಾಚೆ ಹೋಮ್. ಅಲ್ಲಿಗೆ ಬಂದು ಪೆನ್ನು ನಿಂತಿತ್ತು.

"ಇದಕ್ಕೆ ಉತ್ತರ ಯಾವುದು?" ಎಂದು ಕೇಳಿದರು.

ಡಿಸ್ಕಿಗೆ ಹಿಂದು ಮುಂದು ಮಾತ್ರ ಉಂಟು, ಉತ್ತರ ದಕ್ಷಿಣ ಇಲ್ಲ ಎಂದೆ. ನಾಲ್ಕು ದಿಕ್ಕಿಲ್ಲದ ಪತ್ರ ನೋಂದಣಿಯಾಗುವುದಿಲ್ಲ ಎಂದರು. ಅಡುಗೆಮನೆಯಿಂದ ಬರುತ್ತಿದ್ದ ಅತ್ತೆ, ಶನಿವಾರದಿಂದ ಇನ್ನೂ ತೆಗೆಯದೆ ಬಿದ್ದಿದ್ದ ವಯರನ್ನು ಸೀರೆ ಎತ್ತಿ ದಾಟಿದರು.

"ಉತ್ತರಕ್ಕೆ ದೇವರ ಕೋಣೆ ಎಂದು ಬರೆಯಿರಿ."