ಚಾಂಪಿಯನ್‌ಶಿಪ್ ಅಂದ ಮೇಲೆ ಟೈಮ್ ಕೇಳಬೇಕಲ್ವಾ?

ಬಳ್ಳಾರಿ ಬಿಸಿಲಲ್ಲಿ ಓಡುವವರ ಅಭ್ಯಾಸ ಬೆಳಗಿನ ಆರೂವರೆಯೊಳಗೆ ಮುಗಿಯಬೇಕು. ನಾನು ನಾಲ್ಕೂವರೆಗೆ ಎದ್ದು ಕೋಟೆ ಗುಡ್ಡದ ಸುತ್ತ ಐದು ತಿಂಗಳು ಓಡಿದೆ. ಹೋದ ತಿಂಗಳು ಚಾಂಪಿಯನ್‌ಶಿಪ್ ಅಂತ ಹೆಸರಿಟ್ಟ ಹಾಫ್ ಮ್ಯಾರಥಾನ್‌ಗೆ ಹೋದರೆ, ಮುಂದಿನ ಸಾಲಿನ ತುಂಬ ನಡೆಯಲು ಬಂದವರು! ಐದಾರು ಜನ ಕೈ ಕೈ ಹಿಡಿದು ಸೆಲ್ಫಿ ತೆಗೆಯುತ್ತಿದ್ದರು. ಮೊದಲ ಕಿಲೋಮೀಟರಿನಲ್ಲೇ ನನ್ನ ಒಂದೂವರೆ ನಿಮಿಷ ಹೋಯಿತು. ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಆ ಗುಂಪಿನಲ್ಲಿ ಎಡವಿ ಬಿದ್ದು ಮಂಡಿ ಒಡೆದುಕೊಂಡಳು. ಸಂಘಟಕರನ್ನು ಕೇಳಿದೆ. "ಫೀಸ್ ಕಟ್ಟಿದವರೆಲ್ಲ ಓಡಬಹುದು ಸರ್" ಅಂದರು.

ಓಡಲಿ, ನಡೆಯಲಿ, ನನಗೂ ಸಂತೋಷವೇ. ಅವರಿಗೆ ಬೇರೆ ಓಟ ಇಡಿ. ಚಾಂಪಿಯನ್‌ಶಿಪ್‌ಗೆ ಅರ್ಹತೆಯ ಟೈಮ್ ಕೇಳಿ, ಅಂದರೆ ಹಿಂದಿನ ಓಟವೊಂದನ್ನು ಇಂತಿಷ್ಟು ಹೊತ್ತಿನೊಳಗೆ ಮುಗಿಸಿದವರನ್ನಷ್ಟೇ ಸೇರಿಸಿ. ಅಮೆರಿಕದ ಬೋಸ್ಟನ್ ಮ್ಯಾರಥಾನ್ 1970ರಿಂದಲೇ ಕೇಳುತ್ತಿದೆ. 2026ರ ಓಟಕ್ಕೆ 35 ತುಂಬದ ಗಂಡಸರು 42.195 ಕಿಲೋಮೀಟರನ್ನು 2 ಗಂಟೆ 55 ನಿಮಿಷದಲ್ಲಿ, ಹೆಂಗಸರು 3 ಗಂಟೆ 25 ನಿಮಿಷದಲ್ಲಿ ಮುಗಿಸಿರಬೇಕಿತ್ತು. ವಯಸ್ಸು ಏರಿದಂತೆ ಟೈಮ್ ಸಡಿಲ. ದೇಣಿಗೆ ಸಂಗ್ರಹಿಸಿ ಓಡುವವರಿಗೆ ಅಲ್ಲೂ ಬೇರೆ ದಾರಿ ಇದೆ.

ಆದರೆ ಸಿರುಗುಪ್ಪ, ಸಂಡೂರಿನ ಮಕ್ಕಳು ಆ ಟೈಮನ್ನು ಎಲ್ಲಿ ಓಡಿ ತೋರಿಸಬೇಕು? ನನ್ನನ್ನು ಜಾಸ್ತಿ ಕಾಡುವುದು ಇದೇ. ಸರಿಯಾಗಿ ಅಳೆದ ದಾರಿ, ಚಿಪ್ ಟೈಮಿಂಗ್ (ಓಟಗಾರರಿಗೆ ಕಟ್ಟಿದ ಚಿಪ್‌ನಿಂದ ಟೈಮ್ ಅಳೆಯುವುದು) ಇರುವ ಓಟ ಹುಡುಕಿಕೊಂಡು ಬೆಂಗಳೂರಿಗೆ ಹೋದರೆ ಬಸ್ ಖರ್ಚು ಬೇರೆ, ಎರಡು ದಿನದ ಕೂಲಿ ಬೇರೆ. ತಾಲ್ಲೂಕಿಗೊಂದು 10 ಕಿಲೋಮೀಟರ್ ಓಟ ಇಟ್ಟು ಅಲ್ಲಿನ ಟೈಮನ್ನೇ ಒಪ್ಪಲಿ. 400 ಮೀಟರ್ ಟ್ರ್ಯಾಕಿನಲ್ಲಿ 25 ಸುತ್ತು ಓಡಿಸಿದರೂ ಸಾಕು.