ಇಂಡೋನೇಷ್ಯಾದ 'ಕೋಟ್ಯಧಿಪತಿಗಳ ಹಳ್ಳಿ': ಒಂದು ಸ್ಪಷ್ಟನೆ

'ಇಂಡೋನೇಷ್ಯಾದ ಒಂದು ಹಳ್ಳಿಯಲ್ಲಿ ಸರ್ಕಾರ ಎಲ್ಲರಿಗೂ ನೂರಾರು ಕೋಟಿ ಕೊಟ್ಟಿತು, ಊರಿಗೆ ಊರೇ ಕಾರು ಕೊಂಡಿತು' ಎಂಬ ವಿಡಿಯೊ ಓಡಾಡುತ್ತಿದೆ. ಲಾರಿಗಳಲ್ಲಿ ಸಾಲುಸಾಲಾಗಿ ಹೊಸ ಕಾರು ಬಂದದ್ದು ನಿಜ. ಉಳಿದದ್ದು ಹಾಗಿಲ್ಲ.

ಅದು ಪೂರ್ವ ಜಾವಾದ ತುಬಾನ್ ಜಿಲ್ಲೆಯ ಸುಮುರ್‌ಗೆನೆಂಗ್. ವಿಡಿಯೊ 2021ರ ಫೆಬ್ರವರಿಯದು. ಆಗ 176 ಕಾರು ಬಂದಿದ್ದವು ಎಂದು ಊರಿನ ಮುಖ್ಯಸ್ಥರೇ ಹೇಳಿದ್ದರು. ಹಣ ಸುಮ್ನೆ ಬಂದದ್ದಲ್ಲ. ಸರ್ಕಾರಿ ತೈಲ ಕಂಪನಿ ಪೆರ್ಟಾಮಿನಾದ ರಿಫೈನರಿಗೆ ಹೊಲ ಬಿಟ್ಟುಕೊಟ್ಟದ್ದಕ್ಕೆ ಸಿಕ್ಕ ಬೆಲೆ ಅದು. ಹೊಲ ಇದ್ದವರಿಗೆ ಮಾತ್ರ ಸಿಕ್ಕಿತು.

ಮೊತ್ತದಲ್ಲೂ ಗೊಂದಲವಿದೆ. ಹೊಲ ಕೊಟ್ಟವರಿಗೆ ಸರಾಸರಿ 800 ಕೋಟಿ ಎಂದರೆ ಅದು ಇಂಡೋನೇಷ್ಯಾದ ಹಣವಾದ ರುಪಿಯಾ ಲೆಕ್ಕ. ಅಂದಿನ ದರದಲ್ಲಿ ನಮ್ಮ ಸುಮಾರು 4 ಕೋಟಿ ರೂಪಾಯಿ. ದೊಡ್ಡ ಹಣವೇ, ಆದರೆ ತಲೆತಲಾಂತರದ ಜಮೀನಿನ ಬದಲಿಗೆ ಬಂದದ್ದು.

ಜನ ಖುಷಿಯಿಂದ ಮಾರಿದರು ಎನ್ನುವುದೂ ಪೂರ್ತಿ ಸರಿಯಲ್ಲ. ಮೊದಲು ಅನೇಕರು ವಿರೋಧಿಸಿದ್ದರು. ವಿಷಯ ಕೋರ್ಟಿಗೂ ಹೋಗಿತ್ತು.

ವಿಡಿಯೊದಲ್ಲಿ ಇಲ್ಲದ ಭಾಗವೇ ನನಗೆ ಮುಖ್ಯ ಅನಿಸುತ್ತದೆ. 2022ರ ಜನವರಿಯಲ್ಲಿ ಇದೇ ಊರಿನವರು, ಅಕ್ಕಪಕ್ಕದ ಹಳ್ಳಿಯವರು ಪ್ರತಿಭಟನೆಗೆ ಇಳಿದರು. ಸ್ಥಳೀಯರಿಗೆ ಕೆಲಸ ಕೊಡಿ ಎಂಬುದು ಅವರ ಬೇಡಿಕೆ. ಜೋಳ, ಮೆಣಸಿನಕಾಯಿ ಬೆಳೆಯುತ್ತಿದ್ದ ಹೊಲ ಹೋಗಿತ್ತು, ಕೈಯಲ್ಲಿದ್ದ ಹಣ ಕರಗುತ್ತಿತ್ತು. ದನ ಮಾರಿ ದಿನದ ಖರ್ಚು ನಡೆಸಿದವರೂ ಇದ್ದರು. 'ಅದೃಷ್ಟ ಅಂದ್ರೆ ಇದು' ಎಂದು ಬರೆದು ಆ ವಿಡಿಯೊ ಹಂಚಿದರೆ ಈ ಜನರಿಗೆ ಅನ್ಯಾಯ ಮಾಡಿದಂತೆ, ಅಲ್ವಾ? ದಯವಿಟ್ಟು ಹಾಗೆ ಹಂಚಬೇಡಿ.