‘ಅಲ್ಪ’ ಅನ್ನಬಹುದಾ? ಅರ್ಧರಾತ್ರಿ ಕೊಡೆಯ ಪರ-ವಿರೋಧ

‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ.’ ಈ ಗಾದೆಯನ್ನು ಪೂರ್ತಿ ಹೇಳುವ ಕಷ್ಟವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಪಕ್ಕದ ಮನೆಗೆ ಹೊಸ ಕಾರು ಬಂದಾಗ ‘ಅಲ್ಪನಿಗೆ ಐಶ್ವರ್ಯ...’ ಅಂತ ಎಳೆದು ಬಿಟ್ಟರೆ ಸಾಕು, ಉಳಿದದ್ದನ್ನು ಕೇಳಿದವರೇ ತುಂಬಿಕೊಂಡು ನಗುತ್ತಾರೆ. ಅಲ್ಪವಿರಾಮ, ಅಲ್ಪಪ್ರಾಣ, ಅಲ್ಪಸ್ವಲ್ಪ ಅನ್ನುವಾಗ ಯಾರಿಗೂ ನೋವಾಗದ ಪದ ಇದು. ‘ಸಣ್ಣದು’ ಅಂತ ಅರ್ಥ, ಅಷ್ಟೆ. ಮನುಷ್ಯನಿಗೆ ಅಂಟಿಸಿದರೆ ಮಾತ್ರ ಬೈಗುಳ. ನಿನ್ನೆ ಮೊನ್ನೆ ದುಡ್ಡು ಕಂಡವನನ್ನು ಹೀಗೆ ಕರೆಯುವುದು ಸರಿಯಾ? ನನ್ನ ಹತ್ತಿರ ಎರಡೂ ಕಡೆಗೆ ವಾದ ಇದೆ. ಒಂದು ಕಡೆಗೆ ಸ್ವಲ್ಪ ಜಾಸ್ತಿಯೇ ಇದೆ.

ಪರ: ಇರಲಿ ಬಿಡಿ, ಬೇಕಾಗುತ್ತದೆ

ಮೊದಲು ಪದವನ್ನು ಸರಿಯಾಗಿ ಓದೋಣ. ಗಾದೆ ‘ಬಡವನಿಗೆ ಐಶ್ವರ್ಯ ಬಂದರೆ’ ಅನ್ನುವುದಿಲ್ಲ, ‘ಅಲ್ಪನಿಗೆ’ ಅನ್ನುತ್ತದೆ. ಇಲ್ಲಿ ಸಣ್ಣದಾಗಿರುವುದು ಜೇಬಲ್ಲ, ಮನಸ್ಸು. ದುಡ್ಡು ಬಂದ ಬಡವರೆಲ್ಲ ಕೊಡೆ ಹಿಡಿಯುವುದಿಲ್ಲ ಅಂತ ಗಾದೆ ಕಟ್ಟಿದವರಿಗೂ ಗೊತ್ತಿತ್ತು.

ಬೆಂಗಳೂರಿನ ಅಂಚಿನ ಹಳ್ಳಿಯೊಂದರ ಟೀ ಅಂಗಡಿಯಲ್ಲಿ ಕಂಡದ್ದು ಹೇಳುತ್ತೇನೆ. ಎರಡು ಎಕರೆ ಲೇಔಟಿಗೆ ಹೋಗಿ ಕೈಗೆ ದುಡ್ಡು ಬಂದಿದ್ದ ಒಬ್ಬ. ವಯಸ್ಸು ನಲವತ್ತರ ಆಸುಪಾಸು. ಕೊರಳಲ್ಲಿ ಬೆರಳು ದಪ್ಪದ ಸರ, ಕಾರಿನ ಬಾಗಿಲು ತೆರೆದೇ ಇದೆ, ಒಳಗಿಂದ ಹಾಡು ಕೇಳಿಸುತ್ತಿದೆ. ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರನ್ನು ‘ಏಯ್, ಎದ್ದೇಳೋ’ ಅಂದ. ಐದಾರು ವರ್ಷದ ಹಿಂದೆ ಅದೇ ಮುದುಕರ ಜೊತೆ ಕೂಲಿಗೆ ಹೋಗುತ್ತಿದ್ದವನು ಅವನು. ಮುದುಕರು ಎದ್ದರು, ಲೋಟ ಕೆಳಗಿಟ್ಟರು, ಆಕಾಶ ನೋಡಿ ಹೇಳಿದರು: ‘ಮಳೆ ಇಲ್ಲ ಕಣಪ್ಪ, ಕೊಡೆ ಮಡಿಸು.’ ಇಡೀ ಅಂಗಡಿ ನಕ್ಕಿತು. ಅವನೂ ನಗಬೇಕಾಯಿತು, ಬೇರೆ ದಾರಿ ಇರಲಿಲ್ಲ. ಆ ಮುದುಕರ ಕೈಯಲ್ಲಿ ದುಡ್ಡೂ ಇರಲಿಲ್ಲ, ಅಧಿಕಾರವೂ ಇರಲಿಲ್ಲ, ಇದ್ದದ್ದು ಈ ಒಂದು ಗಾದೆ. ಅದನ್ನೂ ಕಿತ್ತುಕೊಂಡರೆ ಅವರು ಏನು ಮಾಡಬೇಕಿತ್ತು?

ದೊಡ್ಡ ಮಟ್ಟದ್ದೂ ಒಂದು ಇದೆ. 2016ರ ನವೆಂಬರಿನಲ್ಲಿ, ನೋಟು ರದ್ದಾಗಿ ಒಂದು ವಾರ ಆಗಿತ್ತು. ಜನ ಎರಡು ಸಾವಿರ ರೂಪಾಯಿಗೆ ಎಟಿಎಂ ಮುಂದೆ ಸಾಲು ನಿಂತಿದ್ದಾಗ ಬಳ್ಳಾರಿಯ ಗಣಿಧಣಿ, ಮಾಜಿ ಸಚಿವರೊಬ್ಬರ ಮಗಳ ಮದುವೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಯಿತು. ಕರೆಯೋಲೆ ತೆರೆದರೆ ಒಳಗೆ ಪುಟ್ಟ ಪರದೆ, ಅದರಲ್ಲಿ ವಿಡಿಯೊ. ಸಾಲಿನಲ್ಲಿ ನಿಂತವರಿಗೆ ಆಗ ಅರ್ಧರಾತ್ರಿಯ ಕೊಡೆ ನೆನಪಾಗದೆ ಇನ್ನೇನು ನೆನಪಾಗಬೇಕು?

ಬಸವಣ್ಣನವರೂ ಇದನ್ನೇ ಹೇಳಿದ್ದಾರೆ ಅಲ್ವಾ. ಹಾವು ಕಚ್ಚಿದವರನ್ನು ಮಾತಾಡಿಸಬಹುದು, ಸಿರಿಗರ, ಅಂದರೆ ಸಿರಿತನದ ದೆವ್ವ, ಹೊಡೆದವರನ್ನು ಮಾತಾಡಿಸೋಕೆ ಆಗಲ್ಲ, ಬಡತನ ಅನ್ನುವ ಮಂತ್ರವಾದಿ ಬಂದರೆ ಮಾತ್ರ ಬಾಯಿ ಬಿಡುತ್ತಾರೆ ಅಂತ. ಈ ಕಾಯಿಲೆ ನಿಜ, ಅದಕ್ಕೊಂದು ಹೆಸರು ಬೇಕು.

ವಿರೋಧ: ಹಗಲು ಹಿಡಿಯೋಕೆ ಬಿಟ್ಟಿದ್ದರಾ?

ಬಸವಣ್ಣನವರ ಆ ಮಾತಿನಿಂದಲೇ ನಾನೂ ಶುರು ಮಾಡುತ್ತೇನೆ. ಸಿರಿಗರ ಯಾರಿಗೆ ಬೇಕಾದರೂ ಹೊಡೆಯಬಹುದು, ಅರಸನಿಗೂ ಹೊಡೆಯಬಹುದು. ‘ಅಲ್ಪ’ ಹಾಗಲ್ಲ. ಅದು ಹೊಸಬನನ್ನು ಮಾತ್ರ ಹುಡುಕಿಕೊಂಡು ಹೋಗುತ್ತದೆ. ಮೈಸೂರು ಅರಮನೆಗೆ ಒಂದು ಲಕ್ಷದ ಹತ್ತಿರ ಬಲ್ಬು ಹಾಕಿ ರಾತ್ರಿ ಬೆಳಗಿಸುತ್ತಾರೆ. ನಾವೆಲ್ಲ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿ ಬರುತ್ತೇವೆ. ಚೆನ್ನಾಗಿಯೇ ಇರುತ್ತದೆ, ನಾನೂ ಬಾಯಿ ಬಿಟ್ಟುಕೊಂಡು ನೋಡಿದ್ದೇನೆ. ಆದರೆ ಹೊಸದಾಗಿ ಮನೆ ಕಟ್ಟಿದವನು ಗೃಹಪ್ರವೇಶಕ್ಕೆ ನಾಲ್ಕು ಸಾಲು ಸೀರಿಯಲ್ ಲೈಟು ಬಿಟ್ಟರೆ ಗಾದೆ ಶುರು. ರಾತ್ರಿ ಎರಡೂ ಕಡೆ ಒಂದೇ. ದುಡ್ಡು ಯಾವಾಗ ಬಂತು ಅನ್ನುವುದಷ್ಟೇ ಬೇರೆ.

ಕೊಡೆಯ ವಿಷಯಕ್ಕೆ ಬರೋಣ. ಗಾದೆಯ ಕೊಡೆ ಮಳೆಗೆ ಹಿಡಿಯುವ ಕೊಡೆ ಅಲ್ಲ. ಹಳಗನ್ನಡದಲ್ಲಿ ಬೆಳ್ಗೊಡೆ ಅಂದರೆ ಅರಸನ ಗುರುತು. ಅದನ್ನು ಯಾರು ಹಿಡಿಯಬಹುದು, ಯಾರ ತಲೆಯ ಮೇಲೆ ಹಿಡಿಯಬಹುದು ಅನ್ನುವುದಕ್ಕೆ ಕಟ್ಟಳೆ ಇತ್ತು. ಇದೇ ಗಾದೆ ತಮಿಳು, ತೆಲುಗು, ಮಲಯಾಳಂನಲ್ಲೂ ಇದೆ. ಅದೇ ಅಲ್ಪ, ಅದೇ ಅರ್ಧರಾತ್ರಿ, ಅದೇ ಕೊಡೆ. ಆ ಮಲಯಾಳ ನಾಡಿನ ತಿರುವಾಂಕೂರು ಸಂಸ್ಥಾನದಲ್ಲಿ ನಾಡಾರ್ ಜಾತಿಯವರು ಕೊಡೆ ಹಿಡಿಯುವಂತಿರಲಿಲ್ಲ, ಚಪ್ಪಲಿ ಹಾಕುವಂತಿರಲಿಲ್ಲ, ಚಿನ್ನ ತೊಡುವಂತಿರಲಿಲ್ಲ, ಒಂದಂತಸ್ತಿಗಿಂತ ಎತ್ತರಕ್ಕೆ ಮನೆ ಕಟ್ಟುವಂತಿರಲಿಲ್ಲ. ಅವರ ಹೆಂಗಸರು ಎದೆ ಮುಚ್ಚಿಕೊಳ್ಳಲು ದಶಕಗಟ್ಟಲೆ ಹೊಡೆದಾಡಬೇಕಾಯಿತು, ರಾಜನ ಅಪ್ಪಣೆ ಸಿಕ್ಕಿದ್ದು 1859ರಲ್ಲಿ. ಈಗ ಗಾದೆಯನ್ನು ಇನ್ನೊಮ್ಮೆ ಓದಿ. ಹಗಲು ಹಿಡಿದರೆ ಹೊಡೆಯುತ್ತಾರೆ ಅಂತಾದರೆ, ಆಸೆ ಇರುವವನು ಕೊಡೆಯನ್ನು ಅರ್ಧರಾತ್ರಿ ಹಿಡಿಯದೆ ಇನ್ನು ಯಾವಾಗ ಹಿಡಿಯಬೇಕು? ಗಾದೆ ಹುಟ್ಟಿದ್ದೇ ಹೀಗೆ ಅಂತ ನಾನು ಸಾಧಿಸಲಾರೆ. ಆದರೆ ಒಮ್ಮೆ ಹೀಗೆ ಕಂಡ ಮೇಲೆ ಮೊದಲಿನ ಹಾಗೆ ನಗು ಬರುತ್ತಿಲ್ಲ.

ಕೊಡೆ ಅಂತಲೇ ಅಲ್ಲ, ತುಪ್ಪವಾದರೂ ಅಷ್ಟೆ. ಜೈಪುರ ಸಂಸ್ಥಾನದ ಚಕ್ವಾರ ಅನ್ನುವ ಹಳ್ಳಿಯ ಕಥೆಯನ್ನು ಅಂಬೇಡ್ಕರ್ 1936ರಲ್ಲಿ ಬರೆದಿದ್ದಾರೆ. ಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನವರಿಗೆ ಊಟ ಹಾಕಿಸಿದ, ಎಲೆಗೆ ತುಪ್ಪ ಬಡಿಸಿದ. ನೂರಾರು ಜನ ದೊಣ್ಣೆ ಹಿಡಿದು ಬಂದು ಊಟ ಹಾಳು ಮಾಡಿ, ಉಣ್ಣುತ್ತಿದ್ದವರನ್ನು ಹೊಡೆದರು. ಅವನು ತನ್ನ ದುಡ್ಡಿನಲ್ಲೇ ತುಪ್ಪ ತಂದಿದ್ದ. ‘ಅಳತೆ ಮೀರಿದ’, ತಪ್ಪು ಅದೇ.

ಇನ್ನು ಆ ಮದುವೆ. ಅಲ್ಲಿ ನಾವು ನಕ್ಕಿದ್ದು ಕರೆಯೋಲೆಯ ಪರದೆಗೆ. ಅದಕ್ಕೂ ಮೊದಲು ವರ್ಷಗಟ್ಟಲೆ ಬಳ್ಳಾರಿಯ ರಸ್ತೆಗಳಲ್ಲಿ ಕೆಂಪು ಧೂಳೆಬ್ಬಿಸಿಕೊಂಡು ಅದಿರಿನ ಲಾರಿಗಳು ಓಡಿದವು. ಅಕ್ರಮ ಗಣಿಗಾರಿಕೆಯ ಲೆಕ್ಕ ಹೇಳೋಕೆ 2011ರ ಲೋಕಾಯುಕ್ತ ವರದಿ ಬರಬೇಕಾಯಿತು, ಗಣಿ ನಿಲ್ಲಿಸೋಕೆ ಸುಪ್ರೀಂ ಕೋರ್ಟೇ ಬೇಕಾಯಿತು. ಗಾದೆ ಅಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಕೊಡೆ ಕಂಡರೆ ಕೆರಳುತ್ತೆ, ದುಡ್ಡು ಬಂದ ದಾರಿ ಕೇಳಲ್ಲ. ಅಜ್ಜನ ಕಾಲದಲ್ಲೇ ಊರು ಕೊಳ್ಳೆ ಹೊಡೆದು, ಮೊಮ್ಮಗ ಮೆತ್ತಗೆ ಮಾತಾಡುವುದು ಕಲಿತಿದ್ದರೆ ‘ತುಂಬಿದ ಕೊಡ ತುಳುಕುವುದಿಲ್ಲ’ ಅಂತ ಅವನಿಗೆ ಬೇರೆ ಗಾದೆ ಇಟ್ಟಿದ್ದೇವೆ.

ಟೀ ಅಂಗಡಿಯ ಮುದುಕರ ಬಗ್ಗೆ ನನ್ನ ತಕರಾರಿಲ್ಲ. ಅವರು ಬೈದದ್ದು ‘ಏಯ್’ಗೆ. ಆದರೆ ಗಾದೆ ಅವರೊಬ್ಬರ ಕೈಯಲ್ಲೇ ಇರುವುದಿಲ್ಲವಲ್ಲ. ನನ್ನ ಅಕ್ಕ ನರ್ಸ್ ಕೆಲಸಕ್ಕೆ ಸೇರಿ, ಕಂತಿನ ಮೇಲೆ ಮನೆಗೆ ಫ್ರಿಜ್ ತಂದಳು. ನಮ್ಮ ಕಡೆಯವರಲ್ಲಿ ಅದೇ ಮೊದಲ ಫ್ರಿಜ್. ಜಾಗ ಇಲ್ಲದೆ ನಡುಮನೆಯಲ್ಲೇ ಇಟ್ಟಿದ್ದೆವು. ಯಾರಾದರೂ ಬರುತ್ತಾರೆ ಅಂದರೆ ಅಮ್ಮ ಹಳೇ ಬೆಡ್‌ಶೀಟ್ ತಂದು ಅದರ ಮೇಲೆ ಹೊದಿಸುತ್ತಿದ್ದಳು, ಸುಮ್ನೆ ಯಾಕೆ ಬಾಯಿಗೆ ಬೀಳೋದು ಅಂತ. ಒಮ್ಮೆ ಅತ್ತೆ ಬಂದು ನಾಲ್ಕು ದಿನ ಉಳಿದರು. ಹೊದಿಕೆಯ ಒಳಗೆ ಅದು ಗುರ್ ಅನ್ನುವುದು ನಡುಮನೆಯಲ್ಲಿ ಕೂತವರಿಗೆಲ್ಲ ಕೇಳಿಸುತ್ತಿತ್ತು. ಅಕ್ಕ ತಡೆಯಲಾರದೆ ಬೆಡ್‌ಶೀಟ್ ಎಳೆಯಲು ಹೋದರೆ ಅಮ್ಮ ಕೈ ಹಿಡಿದುಕೊಂಡು, ‘ಇರೇ, ಅವರು ಮಲಗಲಿ’ ಅಂದಳು.